ಕಾಣದ ಕಿರಣದ ಮುಂದೆ ಶಬ್ದಪ್ರಮಾಣ

ಯಥಾರ್ಥ ಜ್ಞಾನವನ್ನು ಹುಟ್ಟಿಸುವ ಸಾಧನವನ್ನು ಭಾರತೀಯ ದರ್ಶನಗಳು ಪ್ರಮಾಣವೆಂದು ಕರೆಯುತ್ತವೆ. ಅಂಥ ಸಾಧನಗಳು ಎಷ್ಟೆಂಬ ಲೆಕ್ಕದಲ್ಲಿ ದರ್ಶನಕಾರರು ಎಂದೂ ಒಮ್ಮತಕ್ಕೆ ಬರಲಿಲ್ಲವಾದರೂ, ಇಂದ್ರಿಯವು ವಸ್ತುವನ್ನು ಸಂಧಿಸಿದಾಗ ನೇರವಾಗಿ ಹುಟ್ಟುವ ಪ್ರತ್ಯಕ್ಷವನ್ನು ಅವರಲ್ಲಿ ಯಾರೂ ಸುಲಭವಾಗಿ ಕೈಬಿಡಲಿಲ್ಲ. ವಾದ ಕಾವೇರಿದ್ದು ಶಬ್ದದ, ಅಂದರೆ ನಂಬಿಕೆಗೆ ಅರ್ಹನಾದವನೊಬ್ಬನ ಮಾತಿನ, ವಿಷಯದಲ್ಲಿ. ನೈಯಾಯಿಕರು, ಮೀಮಾಂಸಕರು, ಸಾಂಖ್ಯರು ಮತ್ತು ವೇದಾಂತಿಗಳು ಶಬ್ದವನ್ನು ಸ್ವತಂತ್ರ ಪ್ರಮಾಣವೆಂದು ಒಪ್ಪಿದರೆ, ವೈಶೇಷಿಕರೂ ದಿಙ್ನಾಗನ ಪರಂಪರೆಯ ಬೌದ್ಧರೂ ಅದನ್ನು ಅನುಮಾನದಲ್ಲಿಯೇ, ಅಂದರೆ ತಿಳಿದ ಒಂದರಿಂದ ತಿಳಿಯದ ಇನ್ನೊಂದನ್ನು ತರ್ಕಿಸಿ ಅರಿಯುವುದರಲ್ಲಿಯೇ, ಅಡಕ ಮಾಡಿದರು, ಚಾರ್ವಾಕರು ಒಟ್ಟಾರೆ ತಳ್ಳಿಹಾಕಿದರು. ಈ ಚರ್ಚೆಗೆ ಸ್ವರ್ಗ, ಯಾಗಫಲ, ಆ ಫಲವನ್ನು ತರುವ ಕಾಣದ ಶಕ್ತಿಯಾದ ಅಪೂರ್ವ ಇಂಥ ಉದಾಹರಣೆಗಳೇ ರೂಢಿಯಾಗಿ ಬಂದುದರಿಂದ, ಇದು ಶ್ರದ್ಧೆಯ ರಕ್ಷಣೆಗಾಗಿ ಹುಟ್ಟಿದ ತರ್ಕ ಮಾತ್ರವೆಂದು ಇಂದಿನ ಓದುಗರಿಗೆ ತೋರುವುದುಂಟು. ಆದರೆ ಪರಲೋಕದ ಸೋಂಕೇ ಇಲ್ಲದ ಒಂದು ಕೋಣೆಯಲ್ಲಿ, ಅಧಿಕ ಶಕ್ತಿಯ ಲೇಸರ್ ಇರುವ ಪ್ರಯೋಗಾಲಯದಲ್ಲಿ, ಕೆಲಸಕ್ಕೆ ಇಳಿಯುವ ಮುನ್ನ ಯಾವ ಕನ್ನಡಕವನ್ನು ಹಾಕಿಕೊಳ್ಳಬೇಕೆಂಬ ಪ್ರಶ್ನೆ ಎದುರಾದಾಗ ಇದೇ ಹಳೆಯ ವಿವಾದ ಪೂರ್ತಿ ಬಿಗುವಿನೊಂದಿಗೆ ಮತ್ತೆ ಏಳುತ್ತದೆ. ಅಲ್ಲಿ ಅಪಾಯಕ್ಕೆ ಒಳಗಾಗಿರುವುದು ಪ್ರತ್ಯಕ್ಷದ ಸಾಧನವಾದ ಕಣ್ಣು. ಆ ಅಪಾಯದ ಬಗ್ಗೆ ಸಾಕ್ಷಿ ನುಡಿಯಲು ಎಲ್ಲಕ್ಕಿಂತ ಕಡಿಮೆ ಅರ್ಹತೆ ಇರುವುದೂ ಅದೇ ಕಣ್ಣಿಗೆ.

ಸಾಮಾನ್ಯ ದೀಪದ ಬೆಳಕು ಎಲ್ಲ ದಿಕ್ಕಿಗೂ ಚದುರುವುದರಿಂದ ದೂರ ಸರಿದಷ್ಟೂ ಅದರ ತೀವ್ರತೆ ಕುಗ್ಗುತ್ತದೆ. ಲೇಸರ್ ಕಿರಣವಾದರೋ ಸಾಮಾನ್ಯವಾಗಿ ಒಂದೇ ತರಂಗಾಂತರದ, ಅಂದರೆ ಒಂದೇ ಬಣ್ಣದ, ಬೆಳಕಾಗಿದ್ದು, ಅತಿ ಕಡಿಮೆ ಹರಡಿಕೊಂಡು ಬಹುದೂರ ಸಾಗುತ್ತದೆ. ಹೀಗೆ ಸಮಾನಾಂತರವಾಗಿ ಬಂದ ಕಿರಣವನ್ನು ಕಾರ್ನಿಯಾ ಮತ್ತು ಮಸೂರಗಳು ಕೂಡಿಸಿ ಅಕ್ಷಿಪಟಲದ ಮೇಲೆ ಅತಿ ಸಣ್ಣ ಬಿಂದುವಾಗಿ ಇಳಿಸುತ್ತವೆ. ಕಣ್ಣುಪಾಪೆಯ ಬಳಿ ಇದ್ದ ತೀವ್ರತೆ ಅಕ್ಷಿಪಟಲವನ್ನು ಮುಟ್ಟುವ ಹೊತ್ತಿಗೆ ಸುಮಾರು 1 ಲಕ್ಷ ಪಟ್ಟು ಏರಿರುತ್ತದೆ. ನೋಡುವುದಕ್ಕೆಂದೇ ರೂಪುಗೊಂಡ ಅಂಗರಚನೆಯೇ ಇಲ್ಲಿ ಗಾಯಕ್ಕೆ ಕಾರಣವಾಗುತ್ತದೆ ಎಂಬುದು ಗಮನಿಸಬೇಕಾದ ಸಂಗತಿ. 400ರಿಂದ 1400 ನ್ಯಾನೊಮೀಟರ್‌ವರೆಗಿನ ತರಂಗಾಂತರಗಳು ಕಣ್ಣಿನ ಪಾರದರ್ಶಕ ಭಾಗಗಳನ್ನು ದಾಟಿ ಅಕ್ಷಿಪಟಲದವರೆಗೆ ಹೋಗುತ್ತವೆ, ಆದರೆ ಮನುಷ್ಯನಿಗೆ ಬೆಳಕಾಗಿ ತೋರುವುದು ಹೆಚ್ಚುಕಡಿಮೆ 700ರವರೆಗೆ ಮಾತ್ರ. ಉಳಿದ ಪಟ್ಟಿ, ಅವಕೆಂಪಿನ ಈ ಭಾಗ, ಕಣ್ಣಿನೊಳಕ್ಕೆ ಬರುತ್ತದೆ, ಒಂದೆಡೆ ಕೂಡುತ್ತದೆ, ಸುಡುತ್ತದೆ, ಕಾಣುವುದಿಲ್ಲ. ಪ್ರಯೋಗಾಲಯಗಳಲ್ಲಿ ಬಹಳವಾಗಿ ಬಳಕೆಯಲ್ಲಿರುವ ಎನ್‌ಡಿ-ಯಾಗ್ ಲೇಸರಿನ ಮೂಲ ತರಂಗಾಂತರವಾದ 1064 ನ್ಯಾನೊಮೀಟರ್ ಇದೇ ಪಟ್ಟಿಗೆ ಸೇರಿದ್ದು. ಅಕ್ಷಿಪಟಲದಲ್ಲಿ ನೋವನ್ನು ತಿಳಿಸುವ ನರಗಳಿಲ್ಲವಾದ್ದರಿಂದ ಗಾಯವಾದದ್ದು ನೋವಿನಿಂದಲೂ ಗೊತ್ತಾಗುವುದಿಲ್ಲ. ಇಂಥ ಲೇಸರಿನ ಮಿಡಿತಕ್ಕೆ ಸಿಕ್ಕವರು ಕಣ್ಣಿನೊಳಗೆ ಟಪ್ಪೆಂಬ ಸದ್ದು ಕೇಳಿದ್ದಾಗಿಯೂ, ಆಮೇಲೆ ನೋಟದ ನಟ್ಟನಡುವೆ ಒಂದು ಕಲೆ ನಿಂತದ್ದಾಗಿಯೂ ಹೇಳಿರುವುದುಂಟು.

ಇರುವ ವಸ್ತು ಕಾಣದೆ ಹೋಗುವುದಕ್ಕೆ ಈಶ್ವರಕೃಷ್ಣನ ಸಾಂಖ್ಯಕಾರಿಕೆ ಎಂಟು ಕಾರಣಗಳನ್ನು ಕೊಡುತ್ತದೆ: ಅತಿ ದೂರ, ಅತಿ ಸಾಮೀಪ್ಯ, ಇಂದ್ರಿಯಕ್ಕೆ ಬಿದ್ದ ಪೆಟ್ಟು, ಮನಸ್ಸಿನ ಚಾಂಚಲ್ಯ, ವಸ್ತುವಿನ ಸೂಕ್ಷ್ಮತೆ, ನಡುವೆ ಬಂದ ಅಡ್ಡಿ, ಹೆಚ್ಚು ಪ್ರಬಲವಾದುದರಿಂದ ಮುಚ್ಚಿಹೋಗುವುದು, ತನ್ನಂಥವುಗಳಲ್ಲಿ ಬೆರೆತುಹೋಗುವುದು. ಪಟ್ಟಿ ಎಚ್ಚರಿಕೆಯಿಂದ ಮಾಡಿದ್ದೇ ಆದರೂ ಅದರಲ್ಲಿ ಈ ಕಾರಣಗಳು ಬೇರೆಬೇರೆಯಾಗಿ ನಿಂತಿವೆ; ಸೂಕ್ಷ್ಮತೆಯಿಂದಾಗಿ ಕಾಣದೆ ಇರುವ ವಸ್ತುವೇ ಇಂದ್ರಿಯಕ್ಕೆ ಪೆಟ್ಟು ಕೊಟ್ಟು, ಮುಂದೆ ಮಿಕ್ಕ ವಸ್ತುಗಳೂ ಕಾಣದಂತೆ ಮಾಡೀತು ಎಂಬ ಸಾಧ್ಯತೆ ಅಲ್ಲಿ ಬಂದಿಲ್ಲ. ಅವಕೆಂಪು ಲೇಸರಿನಲ್ಲಿ ನಡೆಯುವುದು ಅದೇ.

ಕಿರಣ ಕಾಣಿಸುತ್ತಿಲ್ಲ, ಆದ್ದರಿಂದ ಕಿರಣವಿಲ್ಲ ಎಂಬ ತೀರ್ಮಾನಕ್ಕೆ ಮನಸ್ಸು ತಾನಾಗಿ ಹೋಗುತ್ತದೆ. ಈ ತಪ್ಪನ್ನು ಹಿಡಿಯುವುದಕ್ಕೆ ಕುಮಾರಿಲ ಭಟ್ಟನ ಮೀಮಾಂಸಾ ಪರಂಪರೆ ಕೊಟ್ಟಿರುವ ಉಪಕರಣ ಬಹಳ ಹರಿತವಾದದ್ದು. ಭಾಟ್ಟ ಮೀಮಾಂಸಕರು ಅನುಪಲಬ್ಧಿಯನ್ನು, ಅಂದರೆ ಕಾಣದಿರುವಿಕೆಯನ್ನು, ಆರನೆಯ ಪ್ರಮಾಣವಾಗಿ ಎಣಿಸುತ್ತಾರೆ: ನೆಲದ ಮೇಲೆ ಗಡಿಗೆ ಇಲ್ಲವೆಂಬ ತಿಳಿವಳಿಕೆ ಗಡಿಗೆ ಕಾಣದಿರುವುದರಿಂದಲೇ ಹುಟ್ಟುತ್ತದೆ. ಆದರೆ ಎಲ್ಲ ಅನುಪಲಬ್ಧಿಯೂ ಅಭಾವವನ್ನು ಸಾಧಿಸುವುದಿಲ್ಲ; ಇದ್ದಿದ್ದರೆ ಖಂಡಿತ ಕಾಣುತ್ತಿತ್ತು ಎಂಬಂಥ, ಕಾಣಲು ಯೋಗ್ಯವಾದ ವಸ್ತುವಿನ ಅನುಪಲಬ್ಧಿ ಮಾತ್ರ ಅದನ್ನು ಸಾಧಿಸುತ್ತದೆ. ಇದನ್ನು ಯೋಗ್ಯಾನುಪಲಬ್ಧಿ ಎನ್ನುತ್ತಾರೆ. ಬೌದ್ಧನಾದ ಧರ್ಮಕೀರ್ತಿಯೂ ಬೇರೆ ದಾರಿಯಲ್ಲಿ ಇದೇ ನಿಬಂಧನೆಗೆ ಬಂದು ಮುಟ್ಟುತ್ತಾನೆಂಬುದು ಅದರ ಬಲವನ್ನು ತೋರಿಸುತ್ತದೆ. ಹಗಲು ಬೆಳಕಿನ ಕೋಣೆಯಲ್ಲಿ ಗಡಿಗೆ ಯೋಗ್ಯ, ಕತ್ತಲಲ್ಲಿ ಅಲ್ಲ. 1064 ನ್ಯಾನೊಮೀಟರ್ ಕಿರಣ ಯಾವ ಕೋಣೆಯಲ್ಲೂ ಯೋಗ್ಯವಲ್ಲ. ಅದು ಕಾಣದಿರುವುದರಿಂದ ಹುಟ್ಟುವುದು ಅಭಾವದ ಜ್ಞಾನವಲ್ಲ, ಜ್ಞಾನದ ಅಭಾವ ಮಾತ್ರ. ಪ್ರಯೋಗಾಲಯದ ಸುರಕ್ಷತೆಯ ಕೈಪಿಡಿಗಳು ಹತ್ತು ಪುಟಗಳಲ್ಲಿ ಹೇಳಲು ಹೆಣಗುವುದನ್ನು ಈ ಒಂದು ವಿಶೇಷಣ ಹೇಳಿಬಿಡುತ್ತದೆ.

ಪ್ರತ್ಯಕ್ಷ ಹೀಗೆ ಮೌನವಾದ ಮೇಲೆ ಅನುಮಾನದ ಸರದಿ. ಪ್ರತ್ಯಕ್ಷವೊಂದನ್ನೇ ನೆಚ್ಚಿದ ಚಾರ್ವಾಕನಿಗೆ ಈ ಕೋಣೆಯಲ್ಲಿ ಉಳಿಗಾಲವಿಲ್ಲವೆಂದು ಒಡನೆ ತೀರ್ಪು ಕೊಡುವುದು ಸುಲಭವಾದರೂ ನ್ಯಾಯವಲ್ಲ. ಆ ಪಂಥದ ಪುರಂದರನೆಂಬ ಚಿಂತಕ (ದಾಸರಲ್ಲ, ಅವರಿಗಿಂತ ಬಹುಕಾಲ ಹಿಂದಿನವನು) ಲೋಕವ್ಯವಹಾರಕ್ಕೆ ಸಂಬಂಧಿಸಿದ ಅನುಮಾನವನ್ನು ಒಪ್ಪುತ್ತಿದ್ದನೆಂದು ಅವನ ಎದುರಾಳಿಗಳ ಗ್ರಂಥದಿಂದಲೇ ತಿಳಿಯುತ್ತದೆ. ಕನ್ನಡಕದ ಆಯ್ಕೆ ಮೊದಲಿಗೆ ಅಂಥದೇ ಒಂದು ಲೌಕಿಕ ಲೆಕ್ಕ. ಕಣ್ಣಿಗೆ ಹಾನಿಯಾಗದಂತೆ ಎಷ್ಟು ಬೆಳಕು ಬೀಳಬಹುದೆಂಬ ಮಿತಿಯನ್ನು ತರಂಗಾಂತರ ಮತ್ತು ಅವಧಿಗೆ ಅನುಸಾರವಾಗಿ ನಿಗದಿಪಡಿಸಲಾಗಿದೆ. ಕಾಣುವ ಕಿರಣವಾದರೆ ಕಣ್ಣು ಕಾಲು ಸೆಕೆಂಡಿನೊಳಗೆ ತಾನಾಗಿ ಮುಚ್ಚಿಕೊಳ್ಳುತ್ತದೆ ಅಥವಾ ಮುಖ ಹೊರಳುತ್ತದೆ ಎಂದು ಹಿಡಿದು, 7 ಮಿಲಿಮೀಟರ್ ತೆರೆದ ಕಣ್ಣುಪಾಪೆಯ ಮೂಲಕ ಸುಮಾರು 1 ಮಿಲಿವಾಟ್ ಹೋಗಬಹುದೆಂದು ಲೆಕ್ಕ. 5 ವಾಟ್ ಶಕ್ತಿಯ 532 ನ್ಯಾನೊಮೀಟರ್ ಹಸಿರು ಲೇಸರಿದ್ದರೆ ಅದನ್ನು 5000 ಪಟ್ಟು ತಗ್ಗಿಸಬೇಕಾಗುತ್ತದೆ. ಗಾಜು ಬೆಳಕನ್ನು ತಗ್ಗಿಸುವ ಬಲವನ್ನು ಆಪ್ಟಿಕಲ್ ಡೆನ್ಸಿಟಿ ಎಂಬ ಸಂಖ್ಯೆಯಲ್ಲಿ ಹೇಳುವುದು ರೂಢಿ. ಅದು ಹತ್ತರ ಘಾತಾಂಕ, ಅಂದರೆ 1 ಎಂದರೆ ಹತ್ತರಲ್ಲೊಂದು ಪಾಲು, 4 ಎಂದರೆ ಹತ್ತು ಸಾವಿರದಲ್ಲೊಂದು, 6 ಎಂದರೆ ಹತ್ತು ಲಕ್ಷದಲ್ಲೊಂದು ಪಾಲು ಬೆಳಕು ಮಾತ್ರ ಆಚೆ ದಾಟುತ್ತದೆ. 5000 ಪಟ್ಟಿಗೆ 3.7 ಸಾಕಾಗುವುದರಿಂದ 4ಕ್ಕೆ ಕಡಿಮೆಯಿಲ್ಲದ ಗಾಜನ್ನು ಆರಿಸಬೇಕು. ಕಾಣದ ಕಿರಣಕ್ಕೆ ಕಾಲು ಸೆಕೆಂಡಿನ ರಿಯಾಯಿತಿ ಇಲ್ಲ, ಯಾಕೆಂದರೆ ಕಾಣದ್ದಕ್ಕೆ ರೆಪ್ಪೆ ಮುಚ್ಚುವುದಿಲ್ಲ.

ಲೆಕ್ಕ ಇಷ್ಟೇ ಆಗಿದ್ದರೆ ಶಬ್ದಪ್ರಮಾಣದ ಮಾತಿಗೆ ಅವಕಾಶವಿರುತ್ತಿರಲಿಲ್ಲ. ಆದರೆ 4 ಬೇಕು ಎಂಬುದು ತಿಳಿದ ಮೇಲೆ, ಕೈಯಲ್ಲಿರುವ ಈ ಗಾಜು 4 ಕೊಡುತ್ತದೆ ಎಂಬುದನ್ನು ತಿಳಿಯುವುದು ಹೇಗೆ? ನೋಡಿ ತಿಳಿಯಲಾಗದು. 532ರ ಹಸಿರನ್ನು ತಡೆಯುವ ಗಾಜು ಕಿತ್ತಳೆ ಬಣ್ಣಕ್ಕೆ ತಿರುಗಿರುತ್ತದೆ, ಆದರೆ ಕಿತ್ತಳೆಯಾಗಿರುವ ಎಲ್ಲ ಗಾಜೂ ಅದನ್ನು ಬೇಕಾದಷ್ಟು ತಡೆಯುವುದಿಲ್ಲ, ಅದೇ ಕಿತ್ತಳೆಯ ಗಾಜು 1064ನ್ನು ಸಲೀಸಾಗಿ ಒಳಗೆ ಬಿಟ್ಟುಕೊಳ್ಳಬಹುದು. ದಟ್ಟ ಕಪ್ಪಿನ ಕೂಲಿಂಗ್ ಗ್ಲಾಸ್ ಇಲ್ಲಿ ನಿರುಪಯೋಗಿ ಮಾತ್ರವಲ್ಲ, ಅದರ ಹಿಂದೆ ಕಣ್ಣುಪಾಪೆ ಅಗಲವಾಗಿ ತೆರೆದುಕೊಳ್ಳುವುದರಿಂದ ಅಪಾಯಕಾರಿ ಕೂಡ. ಇದಕ್ಕೆ ವಿರುದ್ಧವಾಗಿ, 10.6 ಮೈಕ್ರೊಮೀಟರಿನ ಕಾರ್ಬನ್ ಡೈಆಕ್ಸೈಡ್ ಲೇಸರಿಗೆ ನೀರಿನಂತೆ ತಿಳಿಯಾಗಿ ಕಾಣುವ ಪಾಲಿಕಾರ್ಬೊನೇಟ್ ಹಾಳೆಯೇ ಗೋಡೆಯಾಗಿ ನಿಲ್ಲುತ್ತದೆ. ಕಣ್ಣಿಗೆ ಮರೆಯಾಗಿ ತೋರಿದ್ದು ಮರೆಯಲ್ಲ, ತೆರೆದಂತೆ ತೋರಿದ್ದು ಮರೆ. ಗಾಜಿನ ರೂಪಕ್ಕೂ ಅದರ ಶಕ್ತಿಗೂ ಪ್ರತ್ಯಕ್ಷವು ಹಿಡಿಯಬಲ್ಲ ವ್ಯಾಪ್ತಿ, ಅಂದರೆ ಒಂದಿದ್ದಲ್ಲಿ ಇನ್ನೊಂದು ಇದ್ದೇ ಇರುವ ಸಂಬಂಧ, ಇಲ್ಲ.

ಆದ್ದರಿಂದ ಕನ್ನಡಕದ ಅಂಚಿನಲ್ಲೋ ಗಾಜಿನ ಮೂಲೆಯಲ್ಲೋ ಕೊರೆದಿರುವ ಒಂದು ಸಣ್ಣ ಸಾಲನ್ನು ಓದಬೇಕಾಗುತ್ತದೆ. ಯುರೋಪಿನ ಇಎನ್ 207 ಎಂಬ ಮಾನಕದ ಪ್ರಕಾರ ತಯಾರಾದ ಕನ್ನಡಕದಲ್ಲಿ ಆ ಸಾಲು ‘1064 ಡಿಐ ಎಲ್‌ಬಿ6’ ಎಂಬ ಬಗೆಯಲ್ಲಿರುತ್ತದೆ. ಮೊದಲ ಅಂಕಿ ತರಂಗಾಂತರ. ನಡುವಿನ ಅಕ್ಷರಗಳು ಲೇಸರ್ ಎಡೆಬಿಡದೆ ಉರಿಯುವಂಥದೋ ಮಿಡಿತಗಳಲ್ಲಿ ಬರುವಂಥದೋ ಎಂಬುದನ್ನು ಹೇಳುತ್ತವೆ, ಎಡೆಬಿಡದ ಕಿರಣಕ್ಕೆ ‘ಡಿ’, ಉದ್ದ ಮಿಡಿತಕ್ಕೆ ‘ಐ’, ನ್ಯಾನೊಸೆಕೆಂಡಿನ ಮಿಡಿತಕ್ಕೆ ‘ಆರ್’, ಅದಕ್ಕಿಂತ ಚಿಕ್ಕದಕ್ಕೆ ‘ಎಂ’. ಕೊನೆಯದು ರಕ್ಷಣೆಯ ಶ್ರೇಣಿ. ಈ ಶ್ರೇಣಿಯಲ್ಲಿ ಎರಡು ಬೇರೆ ಗುಣಗಳು ಒಟ್ಟಿಗೆ ಸೇರಿವೆ. ಗಾಜು ಬೆಳಕನ್ನು ಅಷ್ಟು ಪಾಲು ತಡೆಯಬೇಕು, ಜೊತೆಗೆ ಆ ಶ್ರೇಣಿಗೆ ಹೇಳಿದ ತೀವ್ರತೆಯ ಕಿರಣ ನೇರವಾಗಿ ಬಡಿದರೆ 5 ಸೆಕೆಂಡು ಕರಗದೆ, ಒಡೆಯದೆ ತಾಳಿಕೊಳ್ಳಬೇಕು. ತಡೆಯುವ ಬಲ ಬೇರೆ, ತಾಳುವ ಬಲ ಬೇರೆ. 7ರ ಡೆನ್ಸಿಟಿ ಇರುವ ಪ್ಲಾಸ್ಟಿಕ್ ಕೂಡ ಬಲವಾದ ಕಿರಣಕ್ಕೆ ಕ್ಷಣಾರ್ಧದಲ್ಲಿ ತೂತಾಗಬಹುದು.

ಈ ಸಾಲು ದಾರ್ಶನಿಕ ಅರ್ಥದಲ್ಲಿ ಶಬ್ದವೇ. ನ್ಯಾಯಸೂತ್ರಗಳು ಆಪ್ತನ ಉಪದೇಶವನ್ನು ಶಬ್ದವೆನ್ನುತ್ತವೆ. ವಸ್ತುವನ್ನು ಸಾಕ್ಷಾತ್ತಾಗಿ ಅರಿತು, ಅರಿತದ್ದನ್ನು ಅರಿತಂತೆ ತಿಳಿಸುವ ಇಚ್ಛೆಯಿಂದ ಮಾತಾಡುವವನು ಆಪ್ತನೆಂದು ವಾತ್ಸ್ಯಾಯನನ ಭಾಷ್ಯ ವಿವರಿಸಿ, ಈ ಲಕ್ಷಣ ಋಷಿಗೂ ಆರ್ಯನಿಗೂ ಮ್ಲೇಚ್ಛನಿಗೂ ಸಮಾನವೆಂದು ಸೇರಿಸುತ್ತದೆ. ಆಪ್ತತೆ ಕುಲದಿಂದಲೋ ಪಾವಿತ್ರ್ಯದಿಂದಲೋ ಬರುವುದಲ್ಲ, ಬಲ್ಲವನಾಗಿರುವುದರಿಂದಲೂ ವಂಚಿಸದಿರುವುದರಿಂದಲೂ ಬರುವುದು ಎಂಬ ಈ ನಿಲುವನ್ನು ಶಬ್ದಪ್ರಮಾಣದ ಟೀಕಾಕಾರರು ಸಾಕಷ್ಟು ಗಮನಿಸಿಲ್ಲ. ಗಾಜನ್ನು ನಿಜವಾದ ಲೇಸರಿನ ಮುಂದೆ ಹಿಡಿದು ಸುಟ್ಟು ನೋಡಿದ ಪರೀಕ್ಷಾಲಯ ಈ ಲಕ್ಷಣಕ್ಕೆ ತಕ್ಕದಾದ ಆಪ್ತನೇ ಸರಿ.

ವೈಶೇಷಿಕನ ಆಕ್ಷೇಪ ಇಲ್ಲಿ ಬರುತ್ತದೆ: ಈ ಪರೀಕ್ಷಾಲಯದ ಮಾತು ಹಿಂದೆ ಸುಳ್ಳಾಗಿಲ್ಲ, ಇದು ಅದರ ಮಾತು, ಆದ್ದರಿಂದ ಇದೂ ನಿಜವಿರಬೇಕು ಎಂದಷ್ಟೇ ಅಲ್ಲವೆ ಬಳಕೆದಾರ ಯೋಚಿಸುವುದು, ಹಾಗಿದ್ದರೆ ಅದು ಅನುಮಾನವೇ ಆಯಿತಲ್ಲ? ಆಕ್ಷೇಪ ಸುಲಭದ್ದಲ್ಲ. ನ್ಯಾಯಸೂತ್ರಕಾರನೇ ವೇದದ ಪ್ರಾಮಾಣ್ಯವನ್ನು ಮಂತ್ರ ಮತ್ತು ಆಯುರ್ವೇದಗಳ ಪ್ರಾಮಾಣ್ಯಕ್ಕೆ ಹೋಲಿಸಿ, ಪರೀಕ್ಷಿಸಬಹುದಾದ ಕಡೆ ಫಲ ಕೊಟ್ಟವನ ಮಾತನ್ನು ಪರೀಕ್ಷಿಸಲಾಗದ ಕಡೆಯೂ ನಂಬಬಹುದೆಂದು ಹೇಳುವಾಗ ಅನುಮಾನದ ಆಸರೆ ಪಡೆಯುವಂತೆಯೇ ತೋರುತ್ತದೆ. ಪರೀಕ್ಷಾಲಯದಲ್ಲಿ ಸುಟ್ಟದ್ದು ಮಾದರಿಯ ಗಾಜನ್ನು, ಮೂಗಿನ ಮೇಲೆ ಕೂತಿರುವುದು ಸುಡದ ಇನ್ನೊಂದು ಗಾಜು; ಒಂದರಿಂದ ಇನ್ನೊಂದಕ್ಕೆ ದಾಟುವುದು ಅನುಮಾನವಲ್ಲದೆ ಇನ್ನೇನು? ಆದರೂ ನೈಯಾಯಿಕನ ಉತ್ತರವೇ ಹೆಚ್ಚು ಸರಿಯೆನಿಸುತ್ತದೆ. ಹೇಳುವವನು ನಂಬಲರ್ಹನೆಂಬುದನ್ನು ಅನುಮಾನ ಕೊಡಬಹುದು, ಆದರೆ ಹೇಳಿದ ವಿಷಯವನ್ನು ಕೊಡುವುದು ವಾಕ್ಯವೇ. ಪರೀಕ್ಷಾಲಯದ ಪ್ರಾಮಾಣಿಕತೆಯಿಂದ ಎಷ್ಟು ಅನುಮಾನಿಸಿದರೂ 1064 ಎಂಬ ಸಂಖ್ಯೆ ಹೊರಬರುವುದಿಲ್ಲ. ಓದಿದ ಸಾಲಿನ ಅರ್ಥ ತಿಳಿದಾಗಲೇ ಅದು ಬರುತ್ತದೆ. ಅಂಕಿಗಳ ಅರ್ಥ ಗೊತ್ತಿಲ್ಲದವನಿಗೆ ಪರೀಕ್ಷಾಲಯದ ಕೀರ್ತಿ ಪೂರ್ತಿ ಗೊತ್ತಿದ್ದರೂ ಯಾವ ಕನ್ನಡಕ ತೆಗೆದುಕೊಳ್ಳಬೇಕೆಂಬುದು ಗೊತ್ತಾಗದು.

ಇನ್ನೊಂದು ತೊಡಕು ಪ್ರಾಮಾಣ್ಯದ್ದು. ಜ್ಞಾನ ಹುಟ್ಟುವಾಗಲೇ ತನ್ನ ಯಥಾರ್ಥತೆಯನ್ನು ಹೊತ್ತು ಬರುತ್ತದೆ, ಬಾಧಕ ಜ್ಞಾನವೋ ಕಾರಣದಲ್ಲಿ ದೋಷವೋ ಕಂಡಾಗ ಮಾತ್ರ ಅದನ್ನು ಬಿಡಬೇಕು ಎಂಬುದು ಕುಮಾರಿಲನ ಸ್ವತಃಪ್ರಾಮಾಣ್ಯವಾದ. ನೈಯಾಯಿಕರ ಪರತಃಪ್ರಾಮಾಣ್ಯವಾದವಾದರೋ ಜ್ಞಾನ ನಿಜವೆಂಬುದು ಅದನ್ನು ನೆಚ್ಚಿ ಮಾಡಿದ ಕೆಲಸ ಫಲಿಸಿದಾಗ ತಿಳಿಯುತ್ತದೆ ಎನ್ನುತ್ತದೆ. ನೀರೆಂದು ತೋರಿದ್ದು ನೀರೇ ಹೌದೆಂಬುದು ಕುಡಿದು ದಾಹ ತಣಿದಾಗ ಖಚಿತವಾಗುತ್ತದೆ. ಕನ್ನಡಕದ ವಿಷಯದಲ್ಲಿ ಈ ಪರೀಕ್ಷೆ ನಡೆಸುವಂತಿಲ್ಲ, ಏಕೆಂದರೆ ಪರೀಕ್ಷೆ ವಿಫಲವಾದರೆ ಫಲವನ್ನು ನೋಡಲು ಕಣ್ಣೇ ಇರುವುದಿಲ್ಲ. ಸಫಲವಾದರೂ ಅದು ಗಾಜಿನ ಗುಣವೋ, ಕಿರಣ ಈ ಕಡೆ ಬರಲೇ ಇಲ್ಲವೋ ಎಂಬುದು ತಿಳಿಯುವುದಿಲ್ಲ. 9ನೆಯ ಶತಮಾನದ ಕಾಶ್ಮೀರದ ಜಯಂತ ಭಟ್ಟ ತನ್ನ ನ್ಯಾಯಮಂಜರಿಯಲ್ಲಿ ಈ ಇಕ್ಕಟ್ಟನ್ನು ಚೆನ್ನಾಗಿಯೇ ಕಂಡಿದ್ದ: ದಿನನಿತ್ಯದ ಸಣ್ಣಪುಟ್ಟ ವಿಷಯಗಳಲ್ಲಿ ಸಂಶಯ ಇಟ್ಟುಕೊಂಡೇ ಕೆಲಸಕ್ಕೆ ತೊಡಗಬಹುದು, ಆದರೆ ಬಹಳ ಖರ್ಚಿನ, ಫಲ ಕಣ್ಣಿಗೆ ಕಾಣದ ಯಾಗದಂಥ ಕಾರ್ಯಗಳಲ್ಲಿ ಮಾತಿನ ಪ್ರಾಮಾಣ್ಯವನ್ನು ಮುಂಚಿತವಾಗಿಯೇ ನಿಶ್ಚಯಿಸಿಕೊಳ್ಳಬೇಕೆಂಬುದು ಅವನ ಅಭಿಪ್ರಾಯ. ಹೀಗಾಗಿ ಪ್ರಯೋಗಾಲಯದಲ್ಲಿ ಎರಡು ವಾದಗಳೂ ಪಾಳಿಯ ಮೇಲೆ ಕೆಲಸ ಮಾಡುತ್ತವೆ. ಕನ್ನಡಕವನ್ನು ಕೊಳ್ಳುವಾಗ ಜಯಂತನ ಮಾತಿನಂತೆ ಮುಂಚಿತ ನಿಶ್ಚಯ ಬೇಕು; ಕೊಂಡ ಮೇಲೆ ದಿನವೂ ಹಾಕಿಕೊಳ್ಳುವಾಗ ಕುಮಾರಿಲನ ನಿಯಮ ಸಾಕು, ಅಂದರೆ ಗಾಜಿನಲ್ಲಿ ಗೀರು ಬಿದ್ದಿದೆಯೆ, ಬಣ್ಣ ಮಾಸಿದೆಯೆ, ಕಟ್ಟು ಸಡಿಲಾಗಿ ಪಕ್ಕದಲ್ಲಿ ಸಂದು ಬಿಟ್ಟಿದೆಯೆ ಎಂದು ಕಾರಣದ ದೋಷವನ್ನಷ್ಟೇ ಹುಡುಕಿ, ಕಾಣದಿದ್ದರೆ ನಂಬಬೇಕು.

ಶಬ್ದಕ್ಕೆ ಇಷ್ಟು ಅಧಿಕಾರ ಕೊಟ್ಟರೆ ಸುಳ್ಳು ಮಾತಿಗೂ ಬಾಗಿಲು ತೆರೆದಂತಾಗುವುದಿಲ್ಲವೆ ಎಂಬ ಶಂಕೆ ಸಹಜ. ಮಾರುಕಟ್ಟೆಯಲ್ಲಿ ಅಗ್ಗಕ್ಕೆ ಸಿಗುವ ಕೆಲವು ಕನ್ನಡಕಗಳು 200ರಿಂದ 2000 ನ್ಯಾನೊಮೀಟರ್‌ವರೆಗೆ ಎಲ್ಲಕ್ಕೂ ರಕ್ಷಣೆ ಎಂದು ಒಂದೇ ಉಸಿರಿನಲ್ಲಿ ಸಾರುತ್ತವೆ. ವಾಕ್ಯದಿಂದ ಅರ್ಥ ಹುಟ್ಟಬೇಕಾದರೆ ಅದರ ಪದಗಳು ಒಂದಕ್ಕೊಂದು ಹೊಂದುವ ಯೋಗ್ಯತೆ ಪಡೆದಿರಬೇಕೆಂಬುದು ಶಾಬ್ದಬೋಧದ ನಿಯಮ. ಬೆಂಕಿಯಿಂದ ತೋಯಿಸುವುದು ಎಂಬ ವಾಕ್ಯ ವ್ಯಾಕರಣದಲ್ಲಿ ಸರಿಯಿದ್ದೂ ಅರ್ಥ ಕೊಡುವುದಿಲ್ಲ. ಅಗ್ಗದ ಕನ್ನಡಕದ ಘೋಷಣೆ ಆ ಜಾತಿಯದು. 400ರಿಂದ 700ರವರೆಗಿನ ಕಾಣುವ ಬೆಳಕೆಲ್ಲವನ್ನೂ ಹತ್ತು ಸಾವಿರ ಪಟ್ಟು ತಡೆಯುವ ಗಾಜು ನಿಜವಾಗಿ ಇದ್ದರೆ ಅದರ ಮೂಲಕ ಕೋಣೆಯ ಮೇಜು ಕುರ್ಚಿಗಳು ಕಾಣಲಾರವು. ಕಾಣುತ್ತಿದ್ದರೆ ಘೋಷಣೆ ಸುಳ್ಳು. ಗಾಜು ಒಳ್ಳೆಯದೆಂದು ಸಾಧಿಸಲಾರದ ಕಣ್ಣು, ಗಾಜಿನ ಮೇಲಿನ ಒಂದು ಬಗೆಯ ಸುಳ್ಳನ್ನು ಮಾತ್ರ ಹೀಗೆ ಹಿಡಿದುಕೊಡಬಲ್ಲದು. ಉಡುಪಿಯ ಮಧ್ವಾಚಾರ್ಯರ ಪರಂಪರೆಯಲ್ಲಿ ಉಪಜೀವ್ಯವೆಂಬ ಕಲ್ಪನೆಯಿದೆ: ಒಂದು ಪ್ರಮಾಣ ತಾನು ನಿಲ್ಲಲು ಯಾವುದನ್ನು ಅವಲಂಬಿಸಿದೆಯೋ ಆ ಆಧಾರವನ್ನೇ ಅಲ್ಲಗಳೆಯಲಾರದು, ಆದ್ದರಿಂದ ಪ್ರತ್ಯಕ್ಷಸಿದ್ಧವಾದ ಭೇದವನ್ನು ಆಗಮ ನಿರಾಕರಿಸಲಾರದು ಎಂಬುದು ಅವರ ವಾದ. ಪ್ರತ್ಯಕ್ಷ ಮೂಕವಾಗಿರುವ ಅತೀಂದ್ರಿಯ ಕ್ಷೇತ್ರದಲ್ಲಿ ಶಬ್ದವೇ ಪ್ರಬಲ, ಪ್ರತ್ಯಕ್ಷ ನುಡಿಯುವ ಕ್ಷೇತ್ರದಲ್ಲಿ ಅದರ ವಿರುದ್ಧ ಶಬ್ದ ನಿಲ್ಲದು. ಅವಕೆಂಪಿನ ಬಗ್ಗೆ ಕನ್ನಡಕ ಹೇಳುವುದನ್ನು ನಂಬಿ, ಕಾಣುವ ಬೆಳಕಿನ ಬಗ್ಗೆ ಅದು ಹೇಳುವುದನ್ನು ಕಣ್ಣಿನಿಂದ ಒರೆಹಚ್ಚುವ ವ್ಯವಹಾರ ಈ ಗಡಿರೇಖೆಯ ಮೇಲೆಯೇ ನಡೆಯುತ್ತದೆ.

ಪ್ರಾಮಾಣಿಕ ಮಾತಿಗೂ ಎಲ್ಲೆಯುಂಟು. ಗಾಜಿನ ಡೆನ್ಸಿಟಿಯನ್ನು ದುರ್ಬಲ ಬೆಳಕಿನಲ್ಲಿ ಅಳೆದು, ಅದೇ ಸಂಖ್ಯೆ ಪ್ರಬಲ ಮಿಡಿತಕ್ಕೂ ಅನ್ವಯಿಸುತ್ತದೆಂದು ಹೇಳುವುದರಲ್ಲಿ ತರ್ಕಶಾಸ್ತ್ರ ಉಪಾಧಿಯೆಂದು ಕರೆಯುವ ಗುಪ್ತ ನಿಬಂಧನೆ ಅಡಗಿದೆ. ಹೊಗೆ ಏಳುವುದು ಬೆಂಕಿಯಿಂದಷ್ಟೇ ಅಲ್ಲ, ಸೌದೆ ಹಸಿಯಿರುವುದರಿಂದ ಎಂಬಂತೆ, ಬಣ್ಣದ ಅಣುಗಳು ಬೆಳಕನ್ನು ಹೀರುವುದು ಅವುಗಳಿಗೆ ಹೀರಲು ಬಿಡುವಿರುವಷ್ಟು ಕಾಲ ಮಾತ್ರ. ಫೆಮ್ಟೊಸೆಕೆಂಡಿನ, ಅಂದರೆ ಸೆಕೆಂಡಿನ ಸಾವಿರ ಲಕ್ಷ ಕೋಟಿಯ ಒಂದು ಭಾಗದ ಎಣಿಕೆಯ, ಮಿಡಿತಗಳು ಬಡಿದಾಗ ಕೆಲವು ಗಾಜುಗಳ ಬಣ್ಣದ ಅಣುಗಳೆಲ್ಲ ಒಮ್ಮೆಲೇ ಉದ್ರಿಕ್ತವಾಗಿ ಇನ್ನಷ್ಟು ಹೀರಲಾರದೆ, ಆ ಕ್ಷಣಕ್ಕೆ ಗಾಜು ಪಾರದರ್ಶಕವಾಗಿಬಿಡುತ್ತದೆ. ‘ಎಂ’ ಅಕ್ಷರಕ್ಕೆ ಪ್ರತ್ಯೇಕ ಪರೀಕ್ಷೆ ಬೇಕಾದದ್ದು ಇದರಿಂದ.

ಅಪಘಾತದ ವರದಿಗಳಲ್ಲಿ ಮತ್ತೆ ಮತ್ತೆ ಬರುವ ಸಂಗತಿಯೆಂದರೆ, ಸರಿಯಾದ ಕನ್ನಡಕ ಕೋಣೆಯಲ್ಲೇ ಇತ್ತು, ಹಾಕಿಕೊಂಡಿರಲಿಲ್ಲ. ಇದನ್ನು ಅಜಾಗರೂಕತೆ ಎಂದಷ್ಟೇ ಹೇಳಿ ಮುಗಿಸುವುದು ದಾರ್ಶನಿಕ ದೃಷ್ಟಿಯಿಂದ ಸಾಲದು. ಕನ್ನಡಿ, ಮಸೂರಗಳನ್ನು ಕೂದಲೆಳೆಯಷ್ಟು ತಿರುಗಿಸುತ್ತ ಕಿರಣವನ್ನು ದಾರಿಗೆ ತರುವ ಅಲೈನ್‌ಮೆಂಟಿನ ಕೆಲಸದಲ್ಲಿ ನೋಡಬೇಕಾದದ್ದು ಆ ಕಿರಣವನ್ನೇ. ಕನ್ನಡಕ ಅಳಿಸಿಹಾಕುವುದೂ ಅದನ್ನೇ. ಕಿತ್ತಳೆ ಗಾಜನ್ನು ಹಾಕಿದೊಡನೆ ಹಸಿರು ಕಿರಣ ಮಾಯವಾಗುವುದಲ್ಲದೆ, ಉಪಕರಣದ ಮುಖದ ಮೇಲಿನ ಹಸಿರು ಸೂಚಕ ದೀಪವೂ ಆರಿದಂತೆ ಕಾಣುತ್ತದೆ, ಉರಿಯುತ್ತಿರುವ ಯಂತ್ರ ನಿಂತಿದೆಯೆಂಬ ಭ್ರಾಂತಿಗೆ ಅದು ದಾರಿ. ಒಟ್ಟು ಕಾಣುವ ಬೆಳಕಿನಲ್ಲಿ ನೂರಕ್ಕೆ 20ಕ್ಕಿಂತ ಕಡಿಮೆ ದಾಟಿಸುವ ಗಾಜಾದರೆ ಕೋಣೆಯ ದೀಪಗಳನ್ನೇ ಹೆಚ್ಚಿಸಬೇಕೆಂಬ ಸಲಹೆಯಿದೆ. ಕಾಣುವ ಕಿರಣಗಳ ಮಟ್ಟಿಗೆ ಇಎನ್ 208 ಎಂಬ ಬೇರೊಂದು ಮಾನಕ ಒಂದು ಒಪ್ಪಂದಕ್ಕೆ ಬರುತ್ತದೆ: ಕಿರಣವನ್ನು ಪೂರ್ತಿ ಅಳಿಸದೆ 1 ಮಿಲಿವಾಟಿನ ಮಟ್ಟಕ್ಕೆ ಇಳಿಸಿ, ಉಳಿದ ಹೊಣೆಯನ್ನು ರೆಪ್ಪೆಗೆ ಒಪ್ಪಿಸುತ್ತದೆ. ಅವಕೆಂಪಿಗೆ ಇಂಥ ಒಪ್ಪಂದವೂ ಸಾಧ್ಯವಿಲ್ಲ.

ಪ್ಲೇಟೊನ ಫೀಡೊ ಸಂವಾದದಲ್ಲಿ ಸಾಕ್ರಟೀಸ್, ಗ್ರಹಣದ ಸೂರ್ಯನನ್ನು ನೇರ ನೋಡಿ ಕಣ್ಣು ಕಳೆದುಕೊಳ್ಳುವವರನ್ನೂ, ನೀರಿನಲ್ಲಿ ಬಿಂಬ ನೋಡಿ ಉಳಿದುಕೊಳ್ಳುವವರನ್ನೂ ನೆನೆದು, ತಾನೂ ವಸ್ತುಗಳನ್ನು ಇಂದ್ರಿಯಗಳಿಂದ ಹಿಡಿಯಲು ಹೋಗಿ ಆತ್ಮ ಕುರುಡಾದೀತೆಂದು ಅಂಜಿ ಮಾತಿನ, ವಿಚಾರದ ಆಶ್ರಯಕ್ಕೆ ಬಂದೆನೆಂದು ಹೇಳುತ್ತಾನೆ. ಭಾರತೀಯ ಶಬ್ದವಾದಿಗಳು ಈ ಮಾತನ್ನು ಪೂರ್ತಿ ಒಪ್ಪಲಾರರು, ಯಾಕೆಂದರೆ ಅವರಿಗೆ ಶಬ್ದ ಬಿಂಬವಲ್ಲ, ತನ್ನ ಕ್ಷೇತ್ರದಲ್ಲಿ ತಾನೇ ಮೂಲ. ಪ್ರಯೋಗಾಲಯವಾದರೋ ಎರಡನ್ನೂ ಬಳಸುತ್ತದೆ: ಅವಕೆಂಪು ಬಿದ್ದಲ್ಲಿ ಹೊಳೆಯುವ ಕಾರ್ಡನ್ನು ಕಿರಣದ ದಾರಿಗೆ ಹಿಡಿದೋ, ಕ್ಯಾಮೆರಾ ಇಟ್ಟು ಪರದೆಯ ಮೇಲೆ ಅದರ ಚುಕ್ಕೆಯನ್ನು ನೋಡಿಯೋ ಕನ್ನಡಿಗಳನ್ನು ತಿರುಗಿಸಲಾಗುತ್ತದೆ. 400ರಿಂದ 2400 ನ್ಯಾನೊಮೀಟರ್‌ವರೆಗೆ ಒಮ್ಮೆಲೇ ಹೊಮ್ಮಿಸುವ ಸೂಪರ್‌ಕಂಟಿನ್ಯುಅಂ ಎಂಬ ಬಿಳಿ ಲೇಸರುಗಳ ಮುಂದೆ, ಅಗ್ಗದ ಕನ್ನಡಕದ ಸುಳ್ಳನ್ನು ಬಯಲಿಗೆಳೆದ ತರ್ಕವೇ ಪ್ರಾಮಾಣಿಕ ತಯಾರಕನನ್ನೂ ಕಟ್ಟಿಹಾಕುತ್ತದೆ. ಅಲ್ಲಿ ಕಾಪಾಡುವ ಗಾಜು ಕಾಣಗೊಡದು, ಕಾಣಗೊಡುವ ಗಾಜು ಕಾಪಾಡದು. ಅಂಥ ಕಿರಣವನ್ನು ಲೋಹದ ಪೆಟ್ಟಿಗೆಯೊಳಗೆ ಮುಚ್ಚಿ, ಮುಚ್ಚಳ ಸರಿದೊಡನೆ ಲೇಸರ್ ನಿಲ್ಲುವಂತೆ ಇಂಟರ್‌ಲಾಕ್ ಅಳವಡಿಸಿ, ಒಳಗಿನದನ್ನು ಕ್ಯಾಮೆರಾದ ಮೂಲಕ ಮಾತ್ರ ನೋಡುತ್ತಾರೆ.